ನಂಬಿಕೆ ಹೋದ ಮೇಲೂ ಜನ ಯಾಕೆ ಒಳಗೇ ಉಳಿಯುತ್ತಾರೆ?

"ನಿನಗೆ ಅದರಲ್ಲಿ ನಂಬಿಕೆಯೇ ಇಲ್ಲವಲ್ಲ, ಮತ್ತೆ ಬಿಟ್ಟು ಬರೋಕೆ ಏನು ಕಷ್ಟ?" ತಾವು ಹುಟ್ಟಿ ಬೆಳೆದ ಧರ್ಮವನ್ನೋ ಪಂಥವನ್ನೋ ಬಾಯಿಬಿಟ್ಟು ಪ್ರಶ್ನಿಸುವವರಿಗೆ ಈ ಮಾತು ಮತ್ತೆ ಮತ್ತೆ ಎದುರಾಗುತ್ತದೆ. ಕೇಳುವವರು ಒಳ್ಳೆ ಮನಸ್ಸಿನಿಂದಲೇ ಕೇಳುತ್ತಾರೆ. ಆದರೆ ಅವರ ಲೆಕ್ಕದಲ್ಲಿ ಒಬ್ಬ ಮನುಷ್ಯನನ್ನು ಅಲ್ಲಿ ಹಿಡಿದಿಟ್ಟಿರುವುದು ನಂಬಿಕೆ ಮಾತ್ರ. ಅದು ಹೋದರೆ ಉಳಿದದ್ದೆಲ್ಲ ತಾನಾಗಿ ಕಳಚಿಕೊಳ್ಳಬೇಕು. ನಿಜದಲ್ಲಿ ಹಾಗಾಗುವುದಿಲ್ಲ. ನಂಬಿಕೆ ಎಷ್ಟೋ ಸಲ ಮೊದಲೇ ಹೋಗಿರುತ್ತದೆ. ಹೋಗದೆ ಉಳಿಯುವುದು ಅಪ್ಪ ಅಮ್ಮ, ಗಂಡ ಹೆಂಡತಿ, ಕೆಲಸ, ಗೆಳೆಯರು, ಮತ್ತು ಕಳೆದುಹೋದ ವರ್ಷಗಳು.

ನಮ್ಮ ಮನೆಗಳಲ್ಲಿ ಇದು ಸರಿಯಾಗಿ ಕಣ್ಣಿಗೆ ಬೀಳುವುದಿಲ್ಲ. ರಾಹುಕಾಲ ಎಲ್ಲ ಬೊಗಳೆ ಅನ್ನುವ ಮಾವ ಮಗಳ ಮದುವೆಗೆ ಮುಹೂರ್ತ ನೋಡಿಸುತ್ತಾರೆ. ಯಾರೂ ಅವರನ್ನು ಹೊರಗೆ ಹಾಕುವುದಿಲ್ಲ, ಸುಮ್ನೆ ನಗುತ್ತಾರೆ ಅಷ್ಟೆ. ಒಳಗೆ ಎಂದರೆ ಎಲ್ಲಿವರೆಗೆ, ಹೊರಗೆ ಎಂದರೆ ಎಲ್ಲಿಂದ ಎಂಬ ಗೆರೆಯೇ ಇಲ್ಲ. ಜಾತಿ ದಾಟಿ ಮದುವೆಯಾದರೆ ಆ ಗೆರೆ ತಟ್ಟನೆ ಕಾಣಿಸಿಕೊಳ್ಳುತ್ತದೆ, ಅದು ಬೇರೆ ಮಾತು. ಹಾಗಾಗಿ ಈ ಕಷ್ಟ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಬೇಕಾದರೆ ಗೆರೆ ಸ್ಪಷ್ಟವಾಗಿರುವ, ನಿಯಮಗಳು ಬರವಣಿಗೆಯಲ್ಲಿರುವ ಒಂದು ಗುಂಪನ್ನು ನೋಡುವುದು ಒಳ್ಳೆಯದು. ನಾನು ಇಲ್ಲಿ ತೆಗೆದುಕೊಳ್ಳುತ್ತಿರುವುದು ಯೆಹೋವನ ಸಾಕ್ಷಿಗಳನ್ನು.

ಇವರು ನಮಗೆ ಅಪರಿಚಿತರೇನಲ್ಲ. ಅಚ್ಚುಕಟ್ಟಾಗಿ ಬಟ್ಟೆ ತೊಟ್ಟು, ಇಬ್ಬಿಬ್ಬರಾಗಿ ಮನೆ ಬಾಗಿಲಿಗೆ ಬಂದು, ಬೈಬಲ್ ಬಗ್ಗೆ ಎರಡು ನಿಮಿಷ ಮಾತಾಡಬಹುದಾ ಎಂದು ಕೇಳುವವರು. ಅವರ 'ಕಾವಲಿನಬುರುಜು' ಪತ್ರಿಕೆ ಕನ್ನಡದಲ್ಲೂ ಬರುತ್ತದೆ. ಭಾರತದ ಶಾಖಾ ಕಚೇರಿ ಇರುವುದೂ ಬೆಂಗಳೂರಿನಲ್ಲೇ. 1870ರ ದಶಕದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಚಾರ್ಲ್ಸ್ ಟೇಜ್ ರಸೆಲ್ ಎಂಬವರ ಸುತ್ತ ಶುರುವಾದ ಬೈಬಲ್ ಅಧ್ಯಯನದ ಗುಂಪು 1931ರಲ್ಲಿ ಈ ಹೆಸರು ಇಟ್ಟುಕೊಂಡಿತು. ಇವತ್ತು ಜಗತ್ತಿನಲ್ಲಿ ಇವರ ಸಂಖ್ಯೆ ಸುಮಾರು 90 ಲಕ್ಷ.

ಇವರನ್ನು ಬರೀ ಮೂಢರು ಎಂದು ತಳ್ಳಿಹಾಕಬೇಡಿ. ಹಿಟ್ಲರನ ಸೆರೆಶಿಬಿರಗಳಲ್ಲಿ ಇವರ ಅಂಗಿಯ ಮೇಲೆ ನೇರಳೆ ಬಣ್ಣದ ತ್ರಿಕೋನ ಇರುತ್ತಿತ್ತು. ನಂಬಿಕೆ ಬಿಟ್ಟಿದ್ದೇನೆ ಎಂಬ ಕಾಗದಕ್ಕೆ ಸಹಿ ಹಾಕಿದರೆ ಬಿಡುಗಡೆ ಎಂದು ಅವರಿಗೆ ಹೇಳಲಾಗಿತ್ತು. ಬಹಳ ಕಡಿಮೆ ಜನ ಸಹಿ ಹಾಕಿದರು. ನಮ್ಮಲ್ಲೇ ಕೇರಳದ ಮೂರು ಮಕ್ಕಳು ರಾಷ್ಟ್ರಗೀತೆಗೆ ಎದ್ದು ನಿಂತರೂ ಹಾಡಲಿಲ್ಲ ಎಂದು ಶಾಲೆ ಅವರನ್ನು ಹೊರಹಾಕಿತ್ತು. 1986ರಲ್ಲಿ ಸುಪ್ರೀಂ ಕೋರ್ಟ್ ಆ ಮಕ್ಕಳ ಪರ ತೀರ್ಪು ಕೊಟ್ಟಿತು. ಹೊರಗಿನ ಒತ್ತಡಕ್ಕೆ ಇಷ್ಟು ಗಟ್ಟಿಯಾಗಿ ನಿಲ್ಲುವ ಗುಂಪು ಒಳಗಿನ ಪ್ರಶ್ನೆಯನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂಬುದೇ ಇಲ್ಲಿ ಕುತೂಹಲದ ವಿಷಯ.

ಮೊದಲು ದಿನಚರಿ ನೋಡಿ. ವಾರಕ್ಕೆ ಎರಡು ಕೂಟ. ಅದಕ್ಕೆ ಮೊದಲೇ ಓದಿ, ಅಡಿಗೆರೆ ಹಾಕಿ ತಯಾರಾಗಬೇಕು. ಮನೆಮನೆಗೆ ಹೋಗಿ ಸಾರಬೇಕು. ವರ್ಷಕ್ಕೊಮ್ಮೆ ದೊಡ್ಡ ಅಧಿವೇಶನ. ಹುಟ್ಟುಹಬ್ಬ ಇಲ್ಲ, ಕ್ರಿಸ್‌ಮಸ್ ಇಲ್ಲ, ರಾಜಕೀಯ ಇಲ್ಲ. ಜೀವಕ್ಕೆ ಅಪಾಯ ಇದ್ದರೂ ರಕ್ತ ತೆಗೆದುಕೊಳ್ಳುವ ಹಾಗಿಲ್ಲ. ಕಾಲೇಜು ಓದನ್ನು ಬಹಳ ವರ್ಷ ಸಂಸ್ಥೆ ಇಷ್ಟಪಡಲಿಲ್ಲ. ಹೊರಗಿನವರ ಜೊತೆ ಕೆಲಸಕ್ಕೆ ಬೇಕಾದಷ್ಟು ಮಾತು ಸರಿ, ಆಪ್ತ ಗೆಳೆತನ ಬೇಡ. ಇದರಲ್ಲಿ ಯಾವುದೂ ಬೇಲಿಯ ಹಾಗೆ ಕಾಣುವುದಿಲ್ಲ. ಆದರೆ ಇಪ್ಪತ್ತು ವರ್ಷ ಹೀಗೆ ಬದುಕಿದವರ ಮೊಬೈಲಿನಲ್ಲಿ ರಾತ್ರಿ ಹನ್ನೆರಡಕ್ಕೆ ಫೋನ್ ಮಾಡಬಹುದಾದ ಹೆಸರುಗಳೆಲ್ಲ ಒಂದೇ ಸಭೆಗೆ ಸೇರಿದವು.

ಈಗ ರೇಮಂಡ್ ಫ್ರಾಂಜ್ ಅವರ ಕಥೆ. 1922ರಲ್ಲಿ ಹುಟ್ಟಿದ ಇವರು ಸುಮಾರು 40 ವರ್ಷ ಸಂಸ್ಥೆಗೆ ಪೂರ್ಣಾವಧಿ ದುಡಿದರು. ಪೋರ್ಟೊರಿಕೊದಲ್ಲಿ, ಡೊಮಿನಿಕನ್ ಗಣರಾಜ್ಯದಲ್ಲಿ ಮಿಷನರಿಯಾಗಿದ್ದರು. ಆಮೇಲೆ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಮುಖ್ಯ ಕಚೇರಿಗೆ ಬಂದರು. 1971ರಲ್ಲಿ ಆಡಳಿತ ಮಂಡಲಿಯ ಸದಸ್ಯರಾದರು. ಇಡೀ ಸಂಸ್ಥೆಯಲ್ಲಿ ಅದಕ್ಕಿಂತ ಮೇಲಿನ ಅಧಿಕಾರ ಇಲ್ಲ. ಅವರ ಚಿಕ್ಕಪ್ಪ ಫ್ರೆಡರಿಕ್ ಫ್ರಾಂಜ್ 1977ರಲ್ಲಿ ಸಂಸ್ಥೆಯ ಅಧ್ಯಕ್ಷರಾದರು.

ಅನುಮಾನ ಶುರುವಾಗಿದ್ದು ಸಂಸ್ಥೆಯೇ ವಹಿಸಿದ ಕೆಲಸದಿಂದ. ಬೈಬಲ್ ವಿಶ್ವಕೋಶ ಒಂದಕ್ಕೆ ಕಾಲಗಣನೆಯ ಭಾಗ ಬರೆಯಲು ಅವರನ್ನು ಕೂರಿಸಿದ್ದರು. ಬ್ಯಾಬಿಲೋನಿನವರು ಜೆರುಸಲೇಮನ್ನು ನಾಶ ಮಾಡಿದ್ದು ಕ್ರಿ.ಪೂ. 607ರಲ್ಲಿ ಎಂದು ಸಂಸ್ಥೆ ಹೇಳುತ್ತದೆ. ಆ ವರ್ಷದಿಂದ 2520 ವರ್ಷ ಎಣಿಸಿದರೆ 1914 ಬರುತ್ತದೆ. ಕ್ರಿಸ್ತ ಪರಲೋಕದಲ್ಲಿ ಆಳಲು ಶುರುಮಾಡಿದ್ದು 1914ರಲ್ಲಿ ಎಂಬುದು ಇವರ ಬೋಧನೆಯ ಒಂದು ಮುಖ್ಯ ಕಂಬ. ಇತಿಹಾಸಕಾರರ ಪ್ರಕಾರ ಆ ನಾಶ ಆಗಿದ್ದು ಕ್ರಿ.ಪೂ. 587 ಅಥವಾ 586ರಲ್ಲಿ. ಫ್ರಾಂಜ್ ಎಷ್ಟು ಹುಡುಕಿದರೂ 607ಕ್ಕೆ ಆಧಾರ ಸಿಗಲಿಲ್ಲ.

ಆಗ ಅವರು ಎದ್ದು ಬಂದರಾ? ಇಲ್ಲ. ಆ ಅಧ್ಯಯನ ಆದ ಮೇಲೇ ಅವರು ಆಡಳಿತ ಮಂಡಲಿ ಸೇರಿದ್ದು. ಇನ್ನೂ ಸುಮಾರು ಒಂಬತ್ತು ವರ್ಷ ಅಲ್ಲಿದ್ದರು. ಇದನ್ನು ಹೇಡಿತನ ಎನ್ನುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಒಂದು ಇಸವಿ ತಪ್ಪಿದರೆ ಇಡೀ ಬದುಕು ತಪ್ಪು ಎಂದು ಯಾರೂ ತಕ್ಷಣ ತೀರ್ಮಾನಿಸುವುದಿಲ್ಲ. ಎಲ್ಲೋ ಒಂದು ಕಡೆ ಲೆಕ್ಕ ತಪ್ಪಿದೆ, ಒಳಗಿದ್ದೇ ಸರಿಮಾಡಬಹುದು ಅಂದುಕೊಳ್ಳುತ್ತಾರೆ. ಒಳಗಿನವರು ಕೂಡ ಅದನ್ನೇ ಹೇಳುತ್ತಾರೆ: ಕಾಯಿರಿ, ದೇವರು ತನ್ನ ಸಮಯಕ್ಕೆ ಸರಿಪಡಿಸುತ್ತಾನೆ. ಅನುಮಾನಕ್ಕೆ ಉತ್ತರ ಕೊಡಬೇಕಾದ ಹೊಣೆ ಸದ್ದಿಲ್ಲದೆ ಸಂಸ್ಥೆಯ ಹೆಗಲಿನಿಂದ ಅನುಮಾನಪಟ್ಟವನ ಹೆಗಲಿಗೆ ಬರುತ್ತದೆ. ನಿನಗೆ ಉತ್ತರ ಸಿಗುತ್ತಿಲ್ಲ ಎಂದರೆ ನಿನ್ನ ಪ್ರಾರ್ಥನೆ ಸಾಲದು, ನಿನ್ನ ದೀನತೆ ಸಾಲದು.

1980ರಲ್ಲಿ ಅವರ ಮೇಲೆ ವಿಚಾರಣೆ ನಡೆದು, ಆಡಳಿತ ಮಂಡಲಿಗೆ ರಾಜೀನಾಮೆ ಕೊಡಬೇಕಾಯಿತು. ಹತ್ತಿರ ಹತ್ತಿರ ಅರವತ್ತರ ವಯಸ್ಸು. ಮಕ್ಕಳಿಲ್ಲ, ಉಳಿತಾಯವೂ ಇಲ್ಲವೆನ್ನುವಷ್ಟು ಕಡಿಮೆ. ಅಲಬಾಮಾ ರಾಜ್ಯದಲ್ಲಿ ಹಳೆಯ ಗೆಳೆಯರೊಬ್ಬರು ಕೆಲಸ ಕೊಟ್ಟು, ಇರಲು ಜಾಗವನ್ನೂ ಕೊಟ್ಟರು. ಆ ಗೆಳೆಯ 1981ರಲ್ಲಿ ತಾವಾಗಿ ಪತ್ರ ಬರೆದು ಸಂಸ್ಥೆ ಬಿಟ್ಟರು. ಅದೇ ವರ್ಷ ಸೆಪ್ಟೆಂಬರಿನ 'ಕಾವಲಿನಬುರುಜು' ಒಂದು ನಿಯಮವನ್ನು ಬಿಗಿ ಮಾಡಿತು. ತಾವಾಗಿ ಬಿಟ್ಟುಹೋದವರನ್ನೂ ಬಹಿಷ್ಕಾರ ಹಾಕಿಸಿಕೊಂಡವರ ಹಾಗೇ ನೋಡಬೇಕು, ಅವರ ಜೊತೆ ಊಟ ಮಾಡಬಾರದು. ಫ್ರಾಂಜ್ ತಮಗೆ ಅನ್ನ ಕೊಟ್ಟ ಗೆಳೆಯನ ಜೊತೆ ಒಂದು ಹೋಟೆಲಿನಲ್ಲಿ ಊಟಕ್ಕೆ ಕೂತಿದ್ದನ್ನು ಯಾರೋ ನೋಡಿದರು. ವರ್ಷ ಮುಗಿಯುವ ಮೊದಲು ಅವರಿಗೆ ಬಹಿಷ್ಕಾರ ಆಯಿತು. ಆಪಾದನೆ 607 ಅಲ್ಲ, 1914 ಅಲ್ಲ. ಒಂದು ಊಟ.

ಇದನ್ನು ಅರ್ಥ ಮಾಡಿಕೊಳ್ಳಲು ಆಲ್ಬರ್ಟ್ ಹರ್ಷ್‌ಮನ್ ಎಂಬ ಅರ್ಥಶಾಸ್ತ್ರಜ್ಞ 1970ರಲ್ಲಿ ಮುಂದಿಟ್ಟ ವಿಚಾರ ಸಹಾಯಕ್ಕೆ ಬರುತ್ತದೆ. ಒಂದು ಸಂಸ್ಥೆ ಸರಿಯಿಲ್ಲ ಅನ್ನಿಸಿದಾಗ ಅದರ ಸದಸ್ಯನಿಗೆ ಎರಡು ದಾರಿ: ಬಿಟ್ಟು ಹೋಗುವುದು, ಇಲ್ಲವೇ ಒಳಗಿದ್ದು ದನಿ ಎತ್ತುವುದು. ಅಂಗಡಿಯ ಅಕ್ಕಿ ಚೆನ್ನಾಗಿಲ್ಲದಿದ್ದರೆ ಅಂಗಡಿ ಬದಲಿಸುತ್ತೇವೆ. ಮನೆಯಲ್ಲಿ ಅಡುಗೆ ಚೆನ್ನಾಗಿಲ್ಲದಿದ್ದರೆ ಬಾಯಿ ಬಿಡುತ್ತೇವೆ. ಸಾಕ್ಷಿಗಳ ವ್ಯವಸ್ಥೆಯಲ್ಲಿ ಈ ಎರಡು ದಾರಿಗಳನ್ನು ಒಂದಕ್ಕೊಂದು ಕಟ್ಟಿಹಾಕಲಾಗಿದೆ. ಬೋಧನೆ ತಪ್ಪು ಎಂದು ಬೇರೆಯವರಿಗೆ ಹೇಳುತ್ತಾ ಹೋದರೆ ಅದು ಧರ್ಮಭ್ರಷ್ಟತೆ, ಅದಕ್ಕೆ ಶಿಕ್ಷೆ ಬಹಿಷ್ಕಾರ. ಅಂದರೆ ದನಿ ಎತ್ತುವುದೇ ಹೊರಗೆ ಹೋಗುವುದು. ಹೊರಗೆ ಹೋಗುವುದೆಂದರೆ ಎಲ್ಲರನ್ನೂ ಕಳೆದುಕೊಳ್ಳುವುದು.

ಇನ್ನೊಂದು ದಾರಿ ಉಳಿಯುತ್ತದೆ. ಏನೂ ಹೇಳದೆ, ಜಗಳ ಆಡದೆ, ಕೂಟಕ್ಕೆ ಬರುವುದನ್ನು ನಿಧಾನಕ್ಕೆ ಕಡಿಮೆ ಮಾಡುವುದು. ಮೈಗೆ ಹುಷಾರಿಲ್ಲ, ಕೆಲಸ ಜಾಸ್ತಿ, ಬೇರೆ ಊರಿಗೆ ಹೋಗುತ್ತಿದ್ದೇನೆ, ಹೀಗೆ. ಇಂಥವರನ್ನು ಸಂಸ್ಥೆ ದುರ್ಬಲರು ಎಂದು ಕನಿಕರದಿಂದ ನೋಡುತ್ತದೆಯೇ ಹೊರತು ಸಾಮಾನ್ಯವಾಗಿ ಬಹಿಷ್ಕರಿಸುವುದಿಲ್ಲ. ಅಮ್ಮ ಫೋನ್ ಎತ್ತುತ್ತಾಳೆ. ಈಗ ಲೆಕ್ಕ ಹಾಕಿ. ನನಗೆ ನಂಬಿಕೆ ಇಲ್ಲ ಎಂದು ಬಾಯಿಬಿಟ್ಟು ಹೇಳಿದವನಿಗೆ ಪೂರ್ತಿ ದಂಡ, ಸುಳ್ಳು ನೆಪ ಹೇಳಿ ಜಾರಿಕೊಂಡವನಿಗೆ ರಿಯಾಯಿತಿ. ಸತ್ಯದ ಮೇಲೆ ಅಷ್ಟು ಒತ್ತು ಕೊಡುವ ಸಂಸ್ಥೆ ಸುಳ್ಳಿಗೆ ಬಹುಮಾನ ಕೊಟ್ಟ ಹಾಗಾಯಿತು ಅಲ್ವಾ? ನನ್ನ ಪ್ರಕಾರ ಈ ಇಡೀ ವಿಷಯದ ಗಂಟು ಇರುವುದು ಇಲ್ಲೇ. ಬಿಡುವುದು ಎಲ್ಲರಿಗೂ ಒಂದೇ ಸಮ ಕಷ್ಟವಲ್ಲ. ತಾನು ಪ್ರಶ್ನಿಸುತ್ತಿದ್ದೇನೆ ಎಂದು ಎಲ್ಲರಿಗೂ ಗೊತ್ತಾಗುವ ಹಾಗೆ ಪ್ರಶ್ನಿಸುವವನಿಗೆ ಅದು ಅತಿ ಕಷ್ಟ.

ಬಹಿಷ್ಕಾರ ಹೇಗೆ ನಡೆಯುತ್ತದೆ ಎಂದು ನೋಡಿದರೆ ಇದು ಇನ್ನೂ ಬಿಡಿಸಿ ಕಾಣುತ್ತದೆ. ಸಭೆಯ ಹಿರಿಯರು ಕೆಲವರು ಬಾಗಿಲು ಮುಚ್ಚಿಕೊಂಡು ವಿಚಾರಿಸುತ್ತಾರೆ. ಆಮೇಲೆ ರಾಜ್ಯ ಸಭಾಗೃಹದಲ್ಲಿ, ಅಂದರೆ ಅವರು ಕೂಟ ನಡೆಸುವ ಜಾಗದಲ್ಲಿ, ಒಂದೇ ವಾಕ್ಯದ ಪ್ರಕಟಣೆ: ಇಂಥವರು ಇನ್ನು ಮೇಲೆ ಯೆಹೋವನ ಸಾಕ್ಷಿಯಲ್ಲ. ಕಾರಣ ಹೇಳುವುದಿಲ್ಲ. ವ್ಯಭಿಚಾರ ಮಾಡಿದವರಿಗೂ, ಮನಸ್ಸಾಕ್ಷಿ ಒಪ್ಪದೆ ರಾಜೀನಾಮೆ ಪತ್ರ ಬರೆದವರಿಗೂ ಅದೇ ವಾಕ್ಯ. ಕೇಳಿದವರು ಏನು ಬೇಕಾದರೂ ಊಹಿಸಿಕೊಳ್ಳಬಹುದು, ಆದರೆ ಆ ವ್ಯಕ್ತಿಯನ್ನೇ ಕೇಳಿ ತಿಳಿದುಕೊಳ್ಳುವ ಹಾಗಿಲ್ಲ. ಒಂದೇ ಮನೆಯಲ್ಲಿ ಇರುವವರು ಮಾತಾಡಬಹುದು. ಬೇರೆ ಮನೆಯಲ್ಲಿರುವ ಮಗ, ಮಗಳು, ಅಣ್ಣ, ತಂಗಿ ಎಂದರೆ ತೀರಾ ಅಗತ್ಯದ ಸಂಸಾರದ ವಿಷಯಕ್ಕೆ ಮಾತ್ರ. ಬಹಿಷ್ಕಾರ ಹಾಕುವವರು ಇದನ್ನು ಕ್ರೌರ್ಯ ಅಂದುಕೊಳ್ಳುವುದಿಲ್ಲ. ದೂರ ಇಟ್ಟರೆ ಬುದ್ಧಿ ಬಂದು ವಾಪಸ್ ಬರುತ್ತಾರೆ, ಅದೇ ಪ್ರೀತಿ ಎಂದು ಅವರಿಗೆ ಕಲಿಸಲಾಗಿದೆ. ಮಗನ ಫೋನ್ ಕಟ್ ಮಾಡುವ ತಾಯಿ ಅವನ ಜೀವ ಉಳಿಸುತ್ತಿದ್ದೇನೆ ಎಂದೇ ನಂಬಿರುತ್ತಾಳೆ. ಅವಳ ಜೊತೆ ವಾದ ಮಾಡಿ ಗೆಲ್ಲಲು ಆಗದಿರುವುದು ಅದಕ್ಕೇ.

ದುಡ್ಡಿನ ಮಾತೂ ಇದೆ. ಕೆನಡಾದ ಕ್ಯಾಲ್ಗರಿಯಲ್ಲಿ ಮನೆ ಮಾರಾಟದ ಏಜೆಂಟ್ ಒಬ್ಬರು ಬಹಿಷ್ಕಾರದ ನಂತರ ತಮ್ಮ ಗಿರಾಕಿಗಳನ್ನು ದೊಡ್ಡ ಸಂಖ್ಯೆಯಲ್ಲಿ ಕಳೆದುಕೊಂಡರು, ಏಕೆಂದರೆ ಗಿರಾಕಿಗಳಲ್ಲಿ ಬಹಳ ಜನ ಸಾಕ್ಷಿಗಳೇ. ಅವರು ಕೋರ್ಟಿಗೆ ಹೋದರು. 2018ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದಿತು. ಯಾರು ಯಾರ ಜೊತೆ ವ್ಯವಹಾರ ಮಾಡಬೇಕೆಂದು ಕೋರ್ಟ್ ಹೇಗೆ ಹೇಳೀತು?

ಇನ್ನು ಹೂಡಿದ ವರ್ಷಗಳ ಕಥೆ. 1966ರಲ್ಲಿ ಸಂಸ್ಥೆಯ ಪ್ರಕಟಣೆಯೊಂದು ಮನುಷ್ಯ ಹುಟ್ಟಿ 6000 ವರ್ಷ 1975ರಲ್ಲಿ ತುಂಬುತ್ತದೆ ಎಂದಿತು. ಅರ್ಮಗೆದೋನ್, ಅಂದರೆ ಈ ಲೋಕವನ್ನು ಕೊನೆಗಾಣಿಸುವ ದೇವರ ಯುದ್ಧ, ಹತ್ತಿರವಾಯಿತು ಎಂದು ಜನ ಕಾದರು. ಮನೆ ಆಸ್ತಿ ಮಾರಿ, ಉಳಿದ ದಿನಗಳನ್ನು ಸಾರುವ ಕೆಲಸಕ್ಕೆ ಕೊಡುತ್ತಿರುವವರನ್ನು 1974ರಲ್ಲಿ ಸಂಸ್ಥೆಯ ಒಳಪತ್ರಿಕೆ ಹೊಗಳಿತು. 1975 ಬಂತು, ಹೋಯಿತು. ಏನೂ ಆಗಲಿಲ್ಲ. ಕೆಲವರು ಬಿಟ್ಟರು, ಒಂದೆರಡು ವರ್ಷ ಸಂಖ್ಯೆ ಸ್ವಲ್ಪ ಇಳಿಯಿತು. ಹೆಚ್ಚಿನವರು ಉಳಿದರು. ಹೊರಗಿನವರಿಗೆ ಇದು ಹುಚ್ಚು ಅನ್ನಿಸುತ್ತದೆ. ಆದರೆ ಮನೆ ಮಾರಿದವರ ಜಾಗದಲ್ಲಿ ನಿಂತು ಯೋಚಿಸಿ. ಬೋಧನೆ ತಪ್ಪು ಎಂದು ಒಪ್ಪಿಕೊಂಡರೆ ಬರೀ ಬೋಧನೆ ಹೋಗುವುದಿಲ್ಲ. ಮಾರಿದ ಮನೆ ಸುಮ್ನೆ ಹೋಯಿತು, ಓದದೆ ಬಿಟ್ಟ ಕಾಲೇಜು ಸುಮ್ನೆ ಹೋಯಿತು, ಹೊಸ ಲೋಕದಲ್ಲಿ ಹೆರೋಣ ಎಂದು ಮುಂದಕ್ಕೆ ಹಾಕಿದ ಮಕ್ಕಳು ಹುಟ್ಟಲೇ ಇಲ್ಲ. ಇದನ್ನೆಲ್ಲ ಒಂದೇ ಬಾರಿಗೆ ನುಂಗುವುದಕ್ಕಿಂತ ಇನ್ನೊಂದು ವರ್ಷ ಕಾಯುವುದು ಸುಲಭ. ತಮ್ಮ ಮಾತು ಕೇಳಿ ಸಂಸ್ಥೆ ಸೇರಿದವರ ಮುಖಗಳೂ ನೆನಪಾಗುತ್ತವೆ, ಅದು ಇನ್ನೂ ಕಷ್ಟ.

ಇಷ್ಟು ಕಟ್ಟುನಿಟ್ಟು ಇದ್ದರೆ ಜನ ಓಡಿಹೋಗಬೇಕಲ್ಲ ಅನ್ನಿಸಬಹುದು. ಲಾರೆನ್ಸ್ ಯಾನಕೋನಿ ಎಂಬ ಅರ್ಥಶಾಸ್ತ್ರಜ್ಞ 1990ರ ದಶಕದಲ್ಲಿ ಇದಕ್ಕೆ ಒಳ್ಳೆಯ ವಿವರಣೆ ಕೊಟ್ಟರು. ಕಠಿಣ ನಿಯಮಗಳು ಅರೆಮನಸ್ಸಿನವರನ್ನು ಸೋಸಿಬಿಡುತ್ತವೆ. ಉಳಿದವರು ಪೂರ್ತಿ ಮನಸ್ಸಿನವರು. ಹಾಗಾಗಿ ಕೂಟ ಕಳೆಕಟ್ಟಿರುತ್ತದೆ, ಒಬ್ಬರಿಗೆ ಕಾಯಿಲೆಯಾದರೆ ಹತ್ತು ಮನೆಯಿಂದ ಊಟ ಬರುತ್ತದೆ. ಅಂದರೆ ಬಿಡುವವನು ಕಳೆದುಕೊಳ್ಳುವುದು ಕೆಟ್ಟದ್ದನ್ನಲ್ಲ, ನಿಜಕ್ಕೂ ಒಳ್ಳೆಯದಾದ ಏನನ್ನೋ. ಪಂಥಗಳ ಬಗ್ಗೆ ಬರೆಯುವವರು ಇದನ್ನು ಮರೆತು ಎಲ್ಲವನ್ನೂ ಜೈಲು ಎಂದು ಚಿತ್ರಿಸಿಬಿಡುತ್ತಾರೆ. ಜೈಲಾಗಿದ್ದರೆ ಬಿಡುವುದು ಇಷ್ಟು ನೋಯುತ್ತಿರಲಿಲ್ಲ.

ಬಾಗಿಲು ಮುಚ್ಚಿಯೂ ಇಲ್ಲ. ಅಮೆರಿಕದಲ್ಲಿ ಪ್ಯೂ ಸಂಶೋಧನಾ ಕೇಂದ್ರ 2014ರಲ್ಲಿ ಮಾಡಿದ ಸಮೀಕ್ಷೆಯಲ್ಲಿ, ಸಾಕ್ಷಿಗಳಾಗಿ ಬೆಳೆದವರಲ್ಲಿ ದೊಡ್ಡವರಾದ ಮೇಲೂ ಸಾಕ್ಷಿಗಳಾಗಿ ಉಳಿದವರು ಶೇ. 34 ಮಾತ್ರ. ಮೂರರಲ್ಲಿ ಇಬ್ಬರು ಹೋಗುತ್ತಾರೆ. ದೀಕ್ಷಾಸ್ನಾನಕ್ಕೆ ಮೊದಲೇ ಹೋದವರಿಗೆ ಬಹಿಷ್ಕಾರ ಅನ್ವಯಿಸುವುದಿಲ್ಲ, ಹಾಗಾಗಿ ಹನ್ನೆರಡರ ವಯಸ್ಸಿನಲ್ಲಿ ಉತ್ಸಾಹದಿಂದ ದೀಕ್ಷಾಸ್ನಾನ ತೆಗೆದುಕೊಂಡ ಒಳ್ಳೆ ಹುಡುಗಿಗಿಂತ ಮುಂದೂಡುತ್ತಾ ಹೋದ ತುಂಟ ತಮ್ಮನೇ ಮುಂದೆ ಸುಖವಾಗಿರುತ್ತಾನೆ.

ಬಿಡುವುದಕ್ಕೆ ಹೊರಗೆ ನಿಲ್ಲಲು ಒಂದು ನೆಲ ಬೇಕು. ಇದಕ್ಕೆ ನಮ್ಮ ದೇಶದ ಉದಾಹರಣೆಯೇ ದೊಡ್ಡದು. ಹಿಂದೂವಾಗಿ ಹುಟ್ಟಿದ್ದೇನೆ, ಆದರೆ ಹಿಂದೂವಾಗಿ ಸಾಯುವುದಿಲ್ಲ ಎಂದು ಅಂಬೇಡ್ಕರ್ ಯೇವಲಾದಲ್ಲಿ ಘೋಷಿಸಿದ್ದು 1935ರ ಅಕ್ಟೋಬರ್ 13ರಂದು. ನಾಗಪುರದಲ್ಲಿ ಬೌದ್ಧ ಧರ್ಮ ಸ್ವೀಕರಿಸಿದ್ದು 1956ರ ಅಕ್ಟೋಬರ್ 14ರಂದು. ನಡುವೆ 21 ವರ್ಷ. ಅವರಷ್ಟು ಖಡಾಖಂಡಿತವಾಗಿ ಜಾತಿಧರ್ಮವನ್ನು ಪ್ರಶ್ನಿಸಿದವರು ಯಾರಿದ್ದಾರೆ? ಅವರನ್ನು ತಡೆದದ್ದು ಅಳಿದುಳಿದ ನಂಬಿಕೆಯಲ್ಲ. ಒಬ್ಬರೇ ಎದ್ದುಹೋಗುವುದು ಅವರಿಗೆ ಬೇಕಿರಲಿಲ್ಲ. ಲಕ್ಷಾಂತರ ಜನ ಒಟ್ಟಿಗೆ ನಿಲ್ಲಬಹುದಾದ ಜಾಗ ಯಾವುದು ಎಂದು ಹುಡುಕಿದರು. ಸಿಖ್ ಧರ್ಮವನ್ನೂ ಪರಿಶೀಲಿಸಿದರು. ಕೊನೆಗೆ ಅವರ ಜೊತೆ ಹೋದವರಿಗೆ ಕಾನೂನಿನ ಬೆಲೆಯೂ ಕಾದಿತ್ತು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಬೌದ್ಧರಾದವರು ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗೆ. ಅದು ಸರಿಯಾಗಿದ್ದು 1990ರಲ್ಲಿ. ಕ್ರೈಸ್ತರಾದ, ಮುಸ್ಲಿಮರಾದ ದಲಿತರಿಗೆ ಇವತ್ತಿಗೂ ಆ ಪಟ್ಟಿಯಲ್ಲಿ ಜಾಗ ಇಲ್ಲ. ಇನ್ನೊಂದು ಕಡೆ, ನಾನು ನಾಸ್ತಿಕ ಎಂದು ಸಾರಿಕೊಂಡು ತಿರುಗುವ ಹಿಂದೂ ಮನೆಯ ಹುಡುಗನನ್ನು 1955ರ ಹಿಂದೂ ವಿವಾಹ ಕಾಯ್ದೆ ಆಗಲೂ ಹಿಂದೂ ಎಂದೇ ಎಣಿಸುತ್ತದೆ. ಒಬ್ಬರಿಗೆ ಹೋದದ್ದಕ್ಕೆ ದಂಡ, ಇನ್ನೊಬ್ಬರಿಗೆ ಹೋದರೂ ಹೋದಂತೆ ಲೆಕ್ಕವೇ ಇಲ್ಲ.

ಬಿಟ್ಟವರ ಮನಸ್ಸಿನಲ್ಲಿ ಏನಾಗುತ್ತದೆ? ಹೆಲೆನ್ ರೋಸ್ ಈಬಾ ಎಂಬ ಸಮಾಜಶಾಸ್ತ್ರಜ್ಞೆ ಸ್ವತಃ ಕ್ಯಾಥೊಲಿಕ್ ಸನ್ಯಾಸಿನಿಯಾಗಿದ್ದು ಬಿಟ್ಟುಬಂದವರು. ಬದುಕಿನ ದೊಡ್ಡ ಪಾತ್ರವೊಂದನ್ನು ಬಿಟ್ಟ ಬಗೆಬಗೆಯ ಜನರನ್ನು ಮಾತಾಡಿಸಿ 1988ರಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು. ಮೊದಲು ಅನುಮಾನ, ಆಮೇಲೆ ಬೇರೆ ದಾರಿಗಳ ಹುಡುಕಾಟ, ಆಮೇಲೆ ತಿರುವು, ಕೊನೆಗೆ 'ಹಿಂದೆ ಅದಾಗಿದ್ದವನು' ಎಂಬ ಹೊಸ ಗುರುತು. ಅವರು ಗಮನಿಸಿದ ಎರಡು ವಿಷಯ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಅನುಮಾನದ ಹಂತದಲ್ಲಿ ಹತ್ತಿರದವರೊಬ್ಬರು ನಿನ್ನ ಯೋಚನೆ ಸರಿಯಿರಬಹುದು ಎಂದರೆ ಸಾಕು, ಮುಂದಿನ ಹೆಜ್ಜೆ ಬೇಗ ಬರುತ್ತದೆ. ಹತ್ತಿರದವರೆಲ್ಲ ಛೇ ಎಂದರೆ ವರ್ಷಗಟ್ಟಲೆ ನಿಂತುಬಿಡುತ್ತದೆ. ಮುಚ್ಚಿದ ಗುಂಪಿನಲ್ಲಿ ಹತ್ತಿರದವರೆಲ್ಲ ಒಳಗಿನವರೇ, ಹಾಗಾಗಿ ಆ ಒಂದು ಮಾತು ಹೇಳುವವರೇ ಇರುವುದಿಲ್ಲ. ಎರಡನೆಯದು, ಬಿಟ್ಟ ತಕ್ಷಣ ಬರುವುದು ಬಿಡುಗಡೆಯ ಖುಷಿ ಅಷ್ಟೇ ಅಲ್ಲ, ಒಂದು ಖಾಲಿತನ. ಹಳೆಯದೂ ಇಲ್ಲ, ಹೊಸದೂ ಇಲ್ಲ.

ಆ ಖಾಲಿತನದಲ್ಲಿ ಹಳೆಯ ಭಯ ಬಂದು ಕೂರುತ್ತದೆ. ಅರ್ಮಗೆದೋನ್ ಕಟ್ಟುಕಥೆ ಎಂದು ಪುಟಗಟ್ಟಲೆ ವಾದಿಸಬಲ್ಲವರಿಗೂ ಟಿವಿಯಲ್ಲಿ ಯುದ್ಧದ ಸುದ್ದಿ ಬಂದಾಗ ಹೊಟ್ಟೆಯಲ್ಲಿ ತಳಮಳ ಆಗಬಹುದು. ಆರು ವರ್ಷದ ಮಗುವಾಗಿದ್ದಾಗ ಕಲಿತದ್ದನ್ನು ನಲವತ್ತರಲ್ಲಿ ಓದಿದ ಪುಸ್ತಕ ಅಳಿಸುವುದಿಲ್ಲ. ಭಯ ಉಳಿದಿದೆ ಎಂದರೆ ನಂಬಿಕೆ ಉಳಿದಿದೆ ಎಂದಲ್ಲ. ಆದರೆ ಎಷ್ಟೋ ಜನ ಹಾಗೆ ತಪ್ಪು ತಿಳಿದು ವಾಪಸ್ ಹೋಗುತ್ತಾರೆ.

ಕಾನೂನಿನಿಂದ ಏನಾದರೂ ಆದೀತಾ? ನಾರ್ವೆ ಸರ್ಕಾರ ಇದೇ ಬಹಿಷ್ಕಾರದ ಕಾರಣ ಕೊಟ್ಟು 2022ರಲ್ಲಿ ಸಾಕ್ಷಿಗಳ ನೋಂದಣಿ ರದ್ದು ಮಾಡಿತು. 2024ರಲ್ಲಿ ಕೆಳ ನ್ಯಾಯಾಲಯ ಸರ್ಕಾರದ ಪರ, 2025ರಲ್ಲಿ ಮೇಲ್ಮನವಿ ನ್ಯಾಯಾಲಯ ಸಾಕ್ಷಿಗಳ ಪರ ತೀರ್ಪು ಕೊಟ್ಟವು. ನಮ್ಮಲ್ಲಿ ಈ ಜಗಳ ಇನ್ನೂ ಹಳೆಯದು. ಬಹಿಷ್ಕಾರವನ್ನು ತಡೆಯಲು ಬಾಂಬೆ ಪ್ರಾಂತ 1949ರಲ್ಲಿ ಕಾಯ್ದೆ ಮಾಡಿತ್ತು. ದಾವೂದಿ ಬೋಹ್ರಾ ಎಂಬ ಮುಸ್ಲಿಂ ಸಮುದಾಯದ ಧರ್ಮಗುರುಗಳು ಪ್ರಶ್ನಿಸಿದಾಗ 1962ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಬಹಿಷ್ಕಾರವೂ ಧರ್ಮದ ಆಡಳಿತದ ಭಾಗ ಎಂಬುದು ಆ ತೀರ್ಪಿನ ಸಾರ. ಆ ತೀರ್ಪನ್ನು ಮತ್ತೆ ನೋಡಬೇಕಾ ಎಂಬ ಪ್ರಶ್ನೆಯನ್ನು 2023ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಲಾಯಿತು. ಕೋರ್ಟು ಗಂಟೆಗಟ್ಟಲೆ ಯೋಚಿಸಿದರೂ ಒಂದು ತೊಡಕು ಉಳಿಯುತ್ತದೆ. ಮಸೀದಿಗೆ, ಸ್ಮಶಾನಕ್ಕೆ ಬಿಡಿ ಎಂದು ಆದೇಶ ಕೊಡಬಹುದು. ಅಣ್ಣ ತಂಗಿಯ ಜೊತೆ ಮಾತಾಡು ಎಂದು ಆದೇಶ ಕೊಡಲಾಗದು.

ಸಾಕ್ಷಿಗಳ ಸಂಸ್ಥೆಯೂ ಸ್ವಲ್ಪ ಸಡಿಲವಾಗಿದೆ. 2024ರಿಂದ ಬಹಿಷ್ಕಾರ ಎಂಬ ಪದದ ಬದಲು ಸಭೆಯಿಂದ ತೆಗೆಯಲಾಗಿದೆ ಎನ್ನುತ್ತಾರೆ. ಹಾಗೆ ತೆಗೆದವರು ಕೂಟಕ್ಕೆ ಬಂದರೆ ಚುಟುಕಾಗಿ ಸ್ವಾಗತಿಸಬಹುದು. ಆದರೆ ಈ ರಿಯಾಯಿತಿ ಧರ್ಮಭ್ರಷ್ಟರಿಗೆ ಇಲ್ಲ. ಕುಡಿದು ತಪ್ಪು ಮಾಡಿದವನಿಗೆ ಬನ್ನಿ ಎನ್ನಬಹುದು, ಬೋಧನೆ ತಪ್ಪು ಎಂದು ಸಾರಿದವನಿಗೆ ಅದೂ ಇಲ್ಲ.

ಈ ಕಾರಣಕ್ಕೇ ಪ್ರತಿ ಭಾನುವಾರ ಕೋಟು ತೊಟ್ಟು, ಪತ್ರಿಕೆಯಲ್ಲಿ ಅಡಿಗೆರೆ ಹಾಕಿಕೊಂಡು, ಕೈ ಎತ್ತಿ ಸರಿಯಾದ ಉತ್ತರ ಹೇಳಿ, ಅದರಲ್ಲಿ ಒಂದು ಅಕ್ಷರವನ್ನೂ ನಂಬದೆ ಮನೆಗೆ ಹೋಗುವವರು ಇದ್ದಾರೆ. ದೇಹ ಒಳಗೆ, ಮನಸ್ಸು ಹೊರಗೆ. ಮಗಳ ಮದುವೆ ಆಗಲಿ, ಅಪ್ಪ ಹೋಗಲಿ, ಒಂದು ಕೆಲಸ ಸಿಗಲಿ, ಹೀಗೆ ಒಂದೊಂದು ಗಡುವು ಹಾಕಿಕೊಂಡು ಕಾಯುತ್ತಾರೆ. ನಿಮ್ಮ ಪರಿಚಯದಲ್ಲಿ ಅಂಥವರು ಇದ್ದರೆ, ಅದು ಯಾವ ಪಂಥವೇ ಆಗಲಿ, ಯಾವಾಗ ಬಿಡುತ್ತೀರಿ ಎಂದು ಕೇಳುವ ಬದಲು ಊಟಕ್ಕೆ ಕರೆಯಿರಿ, ನಿಮ್ಮ ಗೆಳೆಯರ ಪರಿಚಯ ಮಾಡಿಸಿ, ಕೆಲಸ ಖಾಲಿ ಇದ್ದರೆ ತಿಳಿಸಿ. ವಾದಗಳು ಅವರ ಹತ್ತಿರ ಈಗಾಗಲೇ ಬೇಕಾದಷ್ಟಿವೆ.